37ನೇ ಫಾರ್ಮಿಗೆ ಹೆಸರಿಲ್ಲ: ಕಲಬುರಗಿಯ ಹಾಸ್ಟೆಲೊಂದರಲ್ಲಿ ಖಿನ್ನತೆಯ ಸಮೀಕ್ಷೆ

ಇದು ಪಾಠಕ್ಕೆಂದು ಕಟ್ಟಿದ ಪ್ರಕರಣ. ಹಾಸ್ಟೆಲು, ಸಂಶೋಧಕಿ, ಫಾರ್ಮುಗಳಲ್ಲಿ ಬಂದ ಅಂಕಿಗಳು ಕಲ್ಪಿತ. ಪ್ರಶ್ನಾವಳಿ, ಕಾನೂನು, ಮಾರ್ಗಸೂಚಿ, ಲೆಕ್ಕದ ಸೂತ್ರಗಳು ನಿಜದವು. ಮನೋವಿಜ್ಞಾನದ ಸ್ನಾತಕೋತ್ತರ ಪ್ರಾಜೆಕ್ಟುಗಳಲ್ಲಿ ಪದೇ ಪದೇ ಕಾಣುವ ತೊಡಕುಗಳನ್ನು ಒಂದೇ ಕಡೆ ತಂದಿಟ್ಟಿದ್ದೇವೆ.

ಸನ್ನಿವೇಶ

ಎಂ.ಎ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬಳು ಕಲಬುರಗಿ ನಗರದ ಒಂದು ಬಾಲಕಿಯರ ಹಾಸ್ಟೆಲನ್ನು ಆರಿಸಿಕೊಂಡಳು. ಅಲ್ಲಿರುವವರು 64 ಮಂದಿ, ಎಲ್ಲರೂ ಪದವಿ ತರಗತಿಯವರು, 18 ತುಂಬಿದವರು. ಪ್ರಶ್ನೆ ಸರಳವಾಗಿತ್ತು: ದಿನಕ್ಕೆ 10 ನಿಮಿಷ ನಿಧಾನ ಉಸಿರಾಟ ಮಾಡಿಸಿದರೆ (4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ, ಅಂದರೆ ನಿಮಿಷಕ್ಕೆ 6 ಉಸಿರು) ನಾಲ್ಕು ವಾರದಲ್ಲಿ ಖಿನ್ನತೆಯ ಅಂಕ ಇಳಿಯುತ್ತದೆಯೇ? ಅಳತೆಗೆ ಪಿಎಚ್‌ಕ್ಯು-9. ಮೊದಲ ಸುತ್ತು ಮೇ ಮಧ್ಯದಲ್ಲಿ, ಪರೀಕ್ಷೆಗೆ ಮೂರು ವಾರ ಇರುವಾಗ. ಎರಡನೆಯದು ಜೂನ್ ಮಧ್ಯದಲ್ಲಿ.

ಪಿಎಚ್‌ಕ್ಯು-9 ಎಂದರೆ ಒಂಬತ್ತು ಪ್ರಶ್ನೆಗಳ ಹಾಳೆ. ಹಿಂದಿನ ಎರಡು ವಾರಗಳಲ್ಲಿ ಆ ತೊಂದರೆ ಎಷ್ಟು ಸಲ ಕಾಡಿತು ಎಂಬುದಕ್ಕೆ 0ರಿಂದ 3ರವರೆಗೆ ಅಂಕ. ಮೊತ್ತ 0ರಿಂದ 27. 5, 10, 15, 20 ಎಂಬ ಮೆಟ್ಟಿಲುಗಳಲ್ಲಿ ಲಘು, ಮಧ್ಯಮ, ಮಧ್ಯಮಕ್ಕಿಂತ ಹೆಚ್ಚು, ತೀವ್ರ ಎಂದು ಓದುತ್ತಾರೆ. ಕ್ರೊಯೆಂಕಿ, ಸ್ಪಿಟ್ಜರ್, ವಿಲಿಯಮ್ಸ್ 2001ರಲ್ಲಿ ಪ್ರಕಟಿಸಿದ ಈ ಹಾಳೆಗೆ ಶುಲ್ಕವಿಲ್ಲ, ಅನುಮತಿ ಪತ್ರ ಬೇಕಿಲ್ಲ. ಪ್ರಾಜೆಕ್ಟುಗಳಲ್ಲಿ ಎಲ್ಲರ ಕೈ ಇದರ ಕಡೆಗೇ ಹೋಗುವುದು ಅದಕ್ಕೇ. ಆದರೆ ಇದರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಪುಕ್ಕಟೆ ಸಿಗುವ ಹಾಳೆಯ ಜೊತೆ ಈ ಜವಾಬ್ದಾರಿಯೂ ಬರುತ್ತದೆ.

ಮಾಹಿತಿ ಪತ್ರದಲ್ಲಿ ಬರೆದದ್ದು: "ನಿಮ್ಮ ಹೆಸರು ಕೇಳುವುದಿಲ್ಲ. ನೀವು ಏನು ಬರೆದಿರಿ ಎಂದು ಯಾರಿಗೂ ತಿಳಿಯುವುದಿಲ್ಲ." ಹಾಳೆಯ ತಲೆಯಲ್ಲಿ ಮಾತ್ರ ವಯಸ್ಸು, ಜಿಲ್ಲೆ, ತಾಲ್ಲೂಕು, ಕೋರ್ಸು, ಸೆಮಿಸ್ಟರ್, ಪ್ರವರ್ಗ ಎಂಬ ಆರು ಖಾನೆಗಳಿದ್ದವು. ರಾತ್ರಿ ಊಟಕ್ಕೆ ಮೊದಲು, ಊಟದ ಹಾಲಿನಲ್ಲೇ, ವಾರ್ಡನ್ ಎದುರಿಗೆ ಹಂಚಲಾಯಿತು. "ಎಲ್ಲಾರೂ ತುಂಬಿ ಕೊಡ್ರಿ, ಆಮ್ಯಾಲೆ ಊಟ" ಎಂದರು ವಾರ್ಡನ್. ಬೆದರಿಕೆಯ ಧ್ವನಿಯೇನಲ್ಲ. ಆದರೂ 58 ಹಾಳೆ ವಾಪಸು ಬಂದದ್ದು ಒಪ್ಪಿಗೆಯಿಂದಲೋ ಹಸಿವಿನಿಂದಲೋ ಹೇಳಲಾಗದು.

ಆ ರಾತ್ರಿ ಎಕ್ಸೆಲ್‌ಗೆ ಅಂಕಿ ಏರಿಸುವಾಗ ಮೂರು ಹಾಳೆಗಳಲ್ಲಿ ಒಂಬತ್ತನೆಯ ಪ್ರಶ್ನೆಗೆ ಸೊನ್ನೆಗಿಂತ ಹೆಚ್ಚಿನ ಉತ್ತರ ಕಂಡಿತು. ಎರಡರಲ್ಲಿ 1. ಕ್ರಮವಾಗಿ ಜೋಡಿಸಿದಾಗ 37ನೆಯದಾಗಿ ಬಂದ ಹಾಳೆಯಲ್ಲಿ 3, ಅಂದರೆ "ಹೆಚ್ಚುಕಡಿಮೆ ಪ್ರತಿದಿನ". ಮೊತ್ತ 21. ಹೆಸರಿಲ್ಲ.

ಆ ರಾತ್ರಿಯ ಮೂರು ದಾರಿ

ಗೈಡ್‌ಗೆ ಫೋನು ಹೋಯಿತು. ಮೊದಲು ಬಂದ ಸಲಹೆ, ವಾರ್ಡನ್‌ಗೆ ತಿಳಿಸುವುದು. ಇದು ತಪ್ಪು ದಾರಿ, ಕಾರಣಗಳು ಪುಸ್ತಕದ್ದಲ್ಲ, ಹಾಸ್ಟೆಲಿನವು. ವಾರ್ಡನ್‌ಗೆ ಗೊತ್ತಾದರೆ ಮೊದಲ ಫೋನು ಮನೆಗೆ, ಎರಡನೆಯ ಮಾತು "ಕರ್ಕೊಂಡು ಹೋಗ್ರಿ". ಓದು ನಿಲ್ಲುತ್ತದೆ, ಊರಲ್ಲಿ ಮಾತಾಗುತ್ತದೆ. "ಪೊಲೀಸ್ ಕೇಸ್ ಆಗ್ತದೇನ್ರಿ ಮೇಡಂ" ಎಂಬ ಭಯವೂ ಇರುತ್ತದೆ. ಯೋಚನೆ ಬಂದದ್ದು ಅಪರಾಧವಲ್ಲ. ಪ್ರಯತ್ನ ಮಾಡಿದವರ ವಿಷಯದಲ್ಲೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ. ಇದನ್ನು ವಾರ್ಡನ್‌ಗೆ ತಿಳಿಸಿ ಹೇಳುವುದು ಸಮೀಕ್ಷೆಗೆ ಮೊದಲು ಆಗಬೇಕಿದ್ದ ಕೆಲಸ.

ಎರಡನೆಯ ದಾರಿ, ಹಾಳೆಯ ತಲೆ ನೋಡಿ ಹುಡುಗಿಯನ್ನು ಪತ್ತೆ ಮಾಡುವುದು. ಸುಲಭವಿತ್ತು. ಯಾದಗಿರಿ ಜಿಲ್ಲೆ, ಹುಣಸಗಿ ತಾಲ್ಲೂಕು, ಬಿ.ಎಸ್ಸಿ., 4ನೇ ಸೆಮಿಸ್ಟರ್: 64 ಜನರಲ್ಲಿ ಹಾಗಿರುವವಳು ಒಬ್ಬಳೇ. ಹೆಸರು ಕೇಳದಿದ್ದರೂ ಆರು ಖಾನೆಗಳು ಸೇರಿ ಹೆಸರನ್ನೇ ಹೇಳಿಬಿಟ್ಟಿದ್ದವು. ಇಂಥ ಹಾಳೆಯನ್ನು ಪರಿಶೀಲಿಸುವ ರೀತಿ ಬಲು ಸರಳ: ಖಾನೆಗಳನ್ನು ಸೇರಿಸಿ ಗುಂಪು ಮಾಡಿ ನೋಡಿ, ಯಾವ ಗುಂಪಿನಲ್ಲಾದರೂ ಐದಕ್ಕಿಂತ ಕಡಿಮೆ ಜನ ಉಳಿದರೆ ಒಂದು ಖಾನೆ ತೆಗೆಯಿರಿ. ಇಲ್ಲಿ ತಾಲ್ಲೂಕು, ಪ್ರವರ್ಗ ಎರಡೂ ಪ್ರಶ್ನೆಗೆ ಬೇಕಿರಲೇ ಇಲ್ಲ. "ಇರಲಿ, ಬೇಕಾದೀತು" ಎಂದು ಹಾಕಿದವು.

ಹೀಗೆ ಈ ಹಾಸ್ಟೆಲಿನವರಿಗೆ ಕೊಟ್ಟ ಮಾತು ಎರಡೂ ಕಡೆಯಿಂದ ಸುಳ್ಳಾಗಿತ್ತು. ಕುತೂಹಲ ಇರುವವರಿಗೆ ಹುಡುಗಿ ಸಿಗುತ್ತಾಳೆ. ಸಹಾಯ ಮಾಡಬೇಕಾದವರು ಮಾತು ಮುರಿಯದೆ ಅವಳನ್ನು ಕರೆಯುವಂತಿಲ್ಲ.

ಮೂರನೆಯ ದಾರಿಯೇ ಸರಿ: ಎಲ್ಲರನ್ನೂ ಒಬ್ಬೊಬ್ಬರಾಗಿ ಭೇಟಿಯಾಗುವುದು. ಮರುದಿನ ಬೆಳಿಗ್ಗೆಯೇ, ತಿಂಡಿಗೆ ಮೊದಲು ಎಲ್ಲರನ್ನೂ ಕೂಡಿಸಿ ಎರಡು ಮಾತು: "ನಿನ್ನೆ ಬರೆದವರಲ್ಲಿ ಕೆಲವರು ಬಹಳ ಕಷ್ಟದಾಗ ಇದ್ದೀವಿ ಅಂತ ತಿಳಿಸ್ಯಾರ. ಯಾರು ಅಂತ ನಾವು ಹುಡುಕಂಗಿಲ್ಲ. ಅದಕ್ಕ ಇವತ್ತು ಎಲ್ಲಾರ ಜೊತೀನೂ ಐದೈದು ನಿಮಿಷ ಮಾತಾಡ್ತೀವಿ." ವಾರ್ಡನ್ ಕಚೇರಿಯಿಂದ ದೂರದ ಒಂದು ಕೋಣೆ. 64 ಜನಕ್ಕೆ 5 ನಿಮಿಷದಂತೆ 320 ನಿಮಿಷ. ಇಬ್ಬರು ಆಪ್ತಸಮಾಲೋಚಕರು ಎರಡು ಕೋಣೆಯಲ್ಲಿ ಕುಳಿತರೆ ಎರಡು ಗಂಟೆ 40 ನಿಮಿಷದ ಕೆಲಸ. ಎಲ್ಲರೂ ಹೋಗುವುದರಿಂದ ಕೋಣೆಯೊಳಗೆ ಹೋದವಳ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಪ್ರತಿಯೊಬ್ಬರ ಕೈಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆ 14416 ಇರುವ ಚೀಟಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ದಿನದ 24 ಗಂಟೆಯೂ ಇದೆ, ಪುಕ್ಕಟೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೂ ಅದೇ ಬೆಳಿಗ್ಗೆ ತಿಳಿಸಬೇಕು. ಈ ಕಾರ್ಯಕ್ರಮದ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ನಡೆಸಿ ನೋಡಿದ್ದು ನಮ್ಮದೇ ಭಾಗದ ಬಳ್ಳಾರಿಯಲ್ಲಿ. ಇಷ್ಟು ಹತ್ತಿರದ ಸೇವೆ ನಮ್ಮ ಪ್ರಾಜೆಕ್ಟುಗಳ ಮಾಹಿತಿ ಪತ್ರಗಳಲ್ಲಿ ಹೆಸರಿಗೂ ಕಾಣುವುದಿಲ್ಲ.

ಪ್ರಕರಣದಲ್ಲಿ ಹೀಗೇ ಮಾಡಲಾಯಿತು. ನಾಲ್ವರು ಹೆಚ್ಚು ಹೊತ್ತು ಮಾತಾಡಿದರು, ಇಬ್ಬರು ಜಿಲ್ಲಾ ಆಸ್ಪತ್ರೆಗೆ ಹೋಗಲು ಒಪ್ಪಿದರು. ಇವರಲ್ಲಿ 37ನೇ ಹಾಳೆಯವಳು ಇದ್ದಳೇ ಎಂದು ಆಮೇಲೂ ಹೊಂದಿಸಿ ನೋಡಲಿಲ್ಲ, ನೋಡಲೂಬಾರದು.

ಅದೇ ಲೋಪ ಲೆಕ್ಕದಲ್ಲಿ

ಎರಡನೆಯ ಸುತ್ತಿಗೆ ಬಂದದ್ದು 49 ಹಾಳೆ. ಮೊದಲ ಸುತ್ತಿನ ಸರಾಸರಿ 7.1, ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) 4.6. ಎರಡನೆಯದರದು 5.5 ಮತ್ತು 4.3. ಇಳಿಕೆ 1.6.

ಅದೇ ಹುಡುಗಿಯರನ್ನು ಎರಡು ಸಲ ಅಳೆದಾಗ ಹಾಕಬೇಕಾದದ್ದು ಜೋಡಿ ಟಿ-ಟೆಸ್ಟ್. ಅದಕ್ಕೆ ಪ್ರತಿಯೊಬ್ಬಳ ಮೊದಲ ಮತ್ತು ಎರಡನೆಯ ಅಂಕ ಎದುರುಬದುರು ಕೂರಬೇಕು. ಹಾಳೆಯಲ್ಲಿ ಹೆಸರೂ ಇಲ್ಲ, ಹೆಸರಿನ ಬದಲು ಒಬ್ಬೊಬ್ಬಳಿಗೆ ಕೊಡುವ ಸಂಕೇತವೂ ಇಲ್ಲ. ಸಂಶೋಧಕಿ ಬೇರೆ ದಾರಿ ಕಾಣದೆ ಎರಡು ಬೇರೆ ಬೇರೆ ಗುಂಪುಗಳೆಂದು ಭಾವಿಸಿ ಸ್ವತಂತ್ರ ಟಿ-ಟೆಸ್ಟ್ ಹಾಕಿದಳು. ಪ್ರಮಾಣ ದೋಷ (ಇಳಿಕೆಯ ಅಂದಾಜಿನಲ್ಲಿ ಆಗಬಹುದಾದ ಏರುಪೇರು): 4.6ರ ವರ್ಗವನ್ನು 58ರಿಂದ, 4.3ರ ವರ್ಗವನ್ನು 49ರಿಂದ ಭಾಗಿಸಿ ಕೂಡಿ ವರ್ಗಮೂಲ ತೆಗೆದರೆ 0.86. ಇಳಿಕೆಯನ್ನು ಇದರಿಂದ ಭಾಗಿಸಿದರೆ ಟಿ = 1.86, ಪಿ ಸುಮಾರು 0.07. ಪಿ ಎಂದರೆ ನಿಜದಲ್ಲಿ ಬದಲಾವಣೆ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ, ರೂಢಿಯ ಗಡಿ 0.05.

ಜೋಡಿ ಸಿಕ್ಕಿದ್ದರೆ? ಎರಡು ಅಳತೆಗಳ ನಡುವೆ ಸಹಸಂಬಂಧ (ಮೊದಲು ಹೆಚ್ಚು ಅಂಕ ಬಂದವಳಿಗೆ ಎರಡನೆಯ ಸಲವೂ ಹೆಚ್ಚು ಬರುವುದು ಎಷ್ಟರ ಮಟ್ಟಿಗೆ ಎಂಬ ಅಳತೆ) 0.6 ಎಂದೂ ಇಳಿಕೆ ಅದೇ 1.6 ಎಂದೂ ಇಟ್ಟುಕೊಳ್ಳಿ. ವ್ಯತ್ಯಾಸದ ವಿಚಲನೆ: 21.16 + 18.49 − 2 × 0.6 × 4.6 × 4.3, ಇದರ ವರ್ಗಮೂಲ 3.99. ಅದನ್ನು 49ರ ವರ್ಗಮೂಲವಾದ 7ರಿಂದ ಭಾಗಿಸಿದರೆ ಪ್ರಮಾಣ ದೋಷ 0.57. ಟಿ = 2.81, ಪಿ 0.01ಕ್ಕಿಂತ ಕಡಿಮೆ. ಶೇ. 95ರ ವಿಶ್ವಾಸಾಂತರ (ನಿಜವಾದ ಇಳಿಕೆ ಇರಬಹುದಾದ ವ್ಯಾಪ್ತಿ) 0.5ರಿಂದ 2.7. ಸ್ವತಂತ್ರ ಟೆಸ್ಟಿನಲ್ಲಿ ಅದೇ ಅಂತರ −0.1ರಿಂದ 3.3ರವರೆಗೆ ಹರಡಿತ್ತು. ಹುಡುಗಿಯರ ನಡುವಣ ಸಹಜ ವ್ಯತ್ಯಾಸವನ್ನು ಜೋಡಿ ಲೆಕ್ಕ ಕಳೆದುಬಿಡುತ್ತದೆ. ಸಂಕೇತವಿಲ್ಲದ ಹಾಳೆಯಲ್ಲಿ ಅದೆಲ್ಲ ಗದ್ದಲವಾಗಿಯೇ ಉಳಿಯಿತು.

37ನೇ ಹಾಳೆಯವಳನ್ನು ತಲುಪಲಾಗದ್ದಕ್ಕೂ ಜೋಡಿ ಟೆಸ್ಟ್ ಹಾಕಲಾಗದ್ದಕ್ಕೂ ಕಾರಣ ಒಂದೇ. ನೀತಿ ಬೇರೆ ಅಧ್ಯಾಯ, ಸಂಖ್ಯಾಶಾಸ್ತ್ರ ಬೇರೆ ಅಧ್ಯಾಯ ಎಂದು ಓದಿಸುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಎರಡಕ್ಕೂ ಬೇಕಿದ್ದುದು ಅನಾಮಧೇಯ ಹಾಳೆಯಲ್ಲ, ಗೋಪ್ಯವಾಗಿಟ್ಟ ಸಂಕೇತ.

ಪಿ 0.07 ಬಂದಾಗ ಆಸೆಗಳು ಶುರುವಾಗುತ್ತವೆ. ಒಂದು ಸಲಹೆ, ಇಳಿಕೆಯ ದಿಕ್ಕನ್ನಷ್ಟೇ ನೋಡುವ ಏಕಮುಖ ಟೆಸ್ಟ್ ಹಾಕಿದರೆ 0.03 ಆಗುತ್ತದಲ್ಲ ಎಂಬುದು. ಫಲಿತಾಂಶ ನೋಡಿದ ಮೇಲೆ ಮುಖ ಬದಲಿಸುವುದು ಶುದ್ಧ ಮೋಸ. ಮೊದಲೇ ಬರೆದಿಟ್ಟಿದ್ದರೆ ಮಾತು ಬೇರೆ, ಆಗಲೂ ಉಸಿರಾಟದಿಂದ ಅಂಕ ಏರಲಾರದು ಎಂದು ನಂಬಲು ಕಾರಣ ಬೇಕು. ಇನ್ನೊಂದು ಸಲಹೆ ಹೆಚ್ಚು ಮರುಳು ಮಾಡುವಂಥದು: 10 ಮತ್ತು ಮೇಲಿನ ಅಂಕದವರನ್ನಷ್ಟೇ ತೆಗೆದು ನೋಡೋಣ. ಮುಂದಿನ ಸಲ ಸಂಕೇತ ಇರುವವರು ಈ ಬಲೆಗೆ ಬೀಳುವುದು ಖಂಡಿತ, ಅದಕ್ಕೆ ಲೆಕ್ಕ ನೋಡಿಬಿಡಿ. ಮೊದಲ ಸುತ್ತಿನಲ್ಲಿ 10 ಅಥವಾ ಮೇಲೆ ಬಂದವರು 15 ಮಂದಿ, ಅವರ ಸರಾಸರಿ 13.2. ಇಡೀ ಗುಂಪಿನ ಸರಾಸರಿ 7.1. ಸಹಸಂಬಂಧ 0.6 ಇದ್ದರೆ, ಯಾರೂ ಏನೂ ಮಾಡದಿದ್ದರೂ ಆ 15 ಜನರ ಮುಂದಿನ ಅಳತೆ 7.1 + 0.6 × 6.1, ಅಂದರೆ 10.8ರ ಹತ್ತಿರ ಬರುತ್ತದೆ. 2.4 ಅಂಕ ತಾನಾಗಿ ಇಳಿಯಿತು. ಕೆಟ್ಟ ದಿನದಲ್ಲಿ ಅಳೆದವರು ಮುಂದಿನ ಸಲ ಸಾಮಾನ್ಯ ದಿನದಲ್ಲಿ ಸಿಗುತ್ತಾರೆ, ಅಷ್ಟೇ. ಅದನ್ನು ಉಸಿರಾಟದ ಖಾತೆಗೆ ಜಮಾ ಮಾಡುವುದು ಸುಲಭ.

ಬಾರದ 9 ಹಾಳೆಗಳನ್ನೂ ಕೇಳಬೇಕು. ಹೆಚ್ಚು ಕಷ್ಟದಲ್ಲಿದ್ದವರೇ ಊರಿಗೆ ಹೋಗಿದ್ದು, ಅವರ ಮೊದಲ ಸರಾಸರಿ 11 ಇತ್ತು ಎಂದುಕೊಳ್ಳಿ. 58 × 7.1 = 411.8. ಅದರಲ್ಲಿ 99 ಕಳೆದು 49ರಿಂದ ಭಾಗಿಸಿದರೆ 6.4. ಉಳಿದವರಲ್ಲಿ ನಿಜವಾದ ಇಳಿಕೆ 1.6 ಅಲ್ಲ, 0.9. ಸಂಕೇತ ಇದ್ದಿದ್ದರೆ ಊಹೆ ಬೇಕಿರಲಿಲ್ಲ, ಬಾರದವರ ಮೊದಲ ಅಂಕ ಕಣ್ಣೆದುರೇ ಇರುತ್ತಿತ್ತು.

ಮೇ ತಿಂಗಳ ನಿದ್ದೆ

ಟಿ, ಪಿ ಎಲ್ಲ ಸರಿ ಬಂದಿದ್ದರೂ ಈ ವಿನ್ಯಾಸ ಉತ್ತರ ಕೊಡುತ್ತಿರಲಿಲ್ಲ. ಪಿಎಚ್‌ಕ್ಯು-9ರಲ್ಲಿ ನಿದ್ದೆ, ಸುಸ್ತು, ಹಸಿವು, ಗಮನ ಎಂಬ ನಾಲ್ಕು ಪ್ರಶ್ನೆಗಳು ದೇಹಕ್ಕೂ ಪರಿಸರಕ್ಕೂ ಅಂಟಿದವು. ಕಲಬುರಗಿಯ ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ಆರ್‌ಸಿಸಿ ಛಾವಣಿಯ ಕೆಳಗೆ ನಾಲ್ವರ ಕೋಣೆ, ರಾತ್ರಿ ಕರೆಂಟು ಹೋದರೆ ನಿದ್ದೆಯೂ ಹೋಯಿತು. ಅದರ ಮೇಲೆ ಪರೀಕ್ಷೆ. ಈ ನಾಲ್ಕರಲ್ಲಿ ಮೂರಕ್ಕೆ ಬಿಸಿಲಿನಿಂದಲೇ ಒಂದೊಂದು ಅಂಕ ಏರಿದರೆ 7 ಅಂಕದವಳು 10 ಮುಟ್ಟುತ್ತಾಳೆ, ಖಿನ್ನತೆಯ ಪಟ್ಟಿಗೆ ಸೇರುತ್ತಾಳೆ. ಜೂನ್ ಮಧ್ಯಕ್ಕೆ ಮಳೆ ಬಿದ್ದಿದೆ, ಪರೀಕ್ಷೆ ಮುಗಿಯುತ್ತ ಬಂದಿದೆ. 1.6 ಅಂಕ ಇಳಿಸಲು ಮುಂಗಾರೇ ಸಾಕು.

ಪರಿಹಾರ ನಿಯಂತ್ರಣ ಗುಂಪು. ಅರ್ಧ ಜನಕ್ಕೆ ಈಗ, ಉಳಿದರ್ಧ ಜನಕ್ಕೆ ಎರಡನೇ ಅಳತೆ ಮುಗಿದ ಮೇಲೆ ಉಸಿರಾಟ ಕಲಿಸುವುದು. ಬಿಸಿಲು, ಮಳೆ, ಪರೀಕ್ಷೆ, ಸರಾಸರಿಯ ಕಡೆಗಿನ ಜಾರಿಕೆ ಎರಡೂ ಗುಂಪಿಗೆ ಸಮ. ಚೀಟಿ ಎತ್ತುವುದು ವ್ಯಕ್ತಿವಾರು ಬೇಡ, ಕೋಣೆವಾರು ಇರಲಿ. ಒಬ್ಬಳು ಕಲಿತದ್ದನ್ನು ಪಕ್ಕದ ಮಂಚದವಳು ಅದೇ ರಾತ್ರಿ ಕಲಿಯುತ್ತಾಳೆ.

ಎಷ್ಟು ಜನ ಬೇಕು? ಪರಿಣಾಮದ ಗಾತ್ರ 0.4 (ಗುಂಪುಗಳ ಅಂತರ ಪ್ರಮಾಣಿತ ವಿಚಲನೆಯ 0.4ರಷ್ಟು) ಎಂದಿಟ್ಟುಕೊಂಡು ಶೇ. 80ರ ಶಕ್ತಿಗೆ (ಪರಿಣಾಮ ಇದ್ದರೆ ಅದು ಟೆಸ್ಟಿನಲ್ಲಿ ಕಾಣುವ ಸಾಧ್ಯತೆ), ರೂಢಿಯ ಅಂದಾಜು ಸೂತ್ರದಂತೆ 16ನ್ನು 0.4ರ ವರ್ಗದಿಂದ ಭಾಗಿಸಿದರೆ ಗುಂಪಿಗೆ 100. ಮೊದಲ ಅಂಕವನ್ನು ಲೆಕ್ಕಕ್ಕೆ ಸೇರಿಸಿ ವಿಶ್ಲೇಷಿಸಿದರೆ, ಸಹಸಂಬಂಧ 0.6ರ ವರ್ಗವನ್ನು 1ರಿಂದ ಕಳೆದು ಬರುವ 0.64ರಿಂದ ಗುಣಿಸಿ 64ಕ್ಕೆ ಇಳಿಸಬಹುದು. ಇದಕ್ಕೂ ಸಂಕೇತ ಬೇಕು. ಒಂದು ಕೋಣೆಯ ನಾಲ್ವರ ಅಂಕಗಳು ಒಂದನ್ನೊಂದು ಸ್ವಲ್ಪ ಹೋಲುತ್ತವೆ. ಆ ಹೋಲಿಕೆಯನ್ನು 0.05 ಎಂದರೆ 1 + 3 × 0.05 = 1.15ರಿಂದ ಗುಣಿಸಿ 74. ಶೇ. 15 ಜನ ಬಿಟ್ಟುಹೋಗುತ್ತಾರೆಂದು ಹಿಡಿದರೆ ಎರಡೂ ಗುಂಪಿಗೆ ಸೇರಿ ಸುಮಾರು 174. ಒಂದು ಹಾಸ್ಟೆಲಿನಲ್ಲಿ ಮುಗಿಯುವ ಕೆಲಸವಲ್ಲ. ಒಬ್ಬಳ ಪ್ರಾಜೆಕ್ಟಿಗೆ ಇದು ಭಾರವೆನಿಸಿದರೆ "ಪರಿಣಾಮ" ಎಂಬ ಶೀರ್ಷಿಕೆ ಬಿಟ್ಟು, ಉಸಿರಾಟದ ತರಗತಿಗೆ ಎಷ್ಟು ಮಂದಿ ಎಷ್ಟು ದಿನ ಬಂದರು, ಯಾಕೆ ಬಿಟ್ಟರು ಎಂದು ಕೇಳುವ ಅಧ್ಯಯನ ಮಾಡುವುದು ಜಾಣತನ.

ಹಾಸ್ಟೆಲಿನ ಕಾರ್ಯಕ್ರಮದಲ್ಲಿ ಭಾಷಣಕ್ಕೆ ನಿಂತವರೊಬ್ಬರು "ನಾಲ್ಕರಲ್ಲೊಬ್ಬ ವಿದ್ಯಾರ್ಥಿನಿಗೆ ಖಿನ್ನತೆ" ಎಂದುಬಿಟ್ಟರು: 58ರಲ್ಲಿ 15, ಶೇ. 26. 2001ರ ಮೂಲ ಅಧ್ಯಯನದಲ್ಲಿ 10ರ ಗಡಿಗೆ ಸಂವೇದನೆ (ಖಿನ್ನತೆ ಇರುವವರಲ್ಲಿ ಸರಿಯಾಗಿ ಹಿಡಿದ ಪಾಲು) ಶೇ. 88, ನಿರ್ದಿಷ್ಟತೆಯೂ (ಇಲ್ಲದವರಲ್ಲಿ ಸರಿಯಾಗಿ ಬಿಟ್ಟ ಪಾಲು) ಶೇ. 88. ಅದನ್ನೇ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ 15ರಲ್ಲಿ ನಿಜವಾಗಿ ಖಿನ್ನತೆ ಇರುವವರು ಸುಮಾರು 9, ಉಳಿದ 6 ಮಂದಿ ತಪ್ಪಾಗಿ ಹಿಡಿದವರು. ಆ ಅಧ್ಯಯನ ನಡೆದದ್ದು ಅಮೆರಿಕದ ಕ್ಲಿನಿಕ್ಕುಗಳಲ್ಲಿ, ಮೇ ತಿಂಗಳ ಕಲಬುರಗಿಯಲ್ಲಲ್ಲ. ಈ ಹಾಳೆ ಜರಡಿ, ರೋಗನಿರ್ಣಯವಲ್ಲ.

ಹಾಳೆ ಅಚ್ಚಾಗುವ ಮೊದಲು

ಸಂಕೇತ ಹಾಕುವುದು ಹೀಗೆ. 001ರಿಂದ ಸಂಖ್ಯೆ ಬರೆದ ಲಕೋಟೆಗಳು. ಒಪ್ಪಿಗೆ ಪತ್ರದಲ್ಲಿ ಹೆಸರು, ಕೋಣೆ, ಫೋನು, ಸಂಖ್ಯೆ. ಪ್ರಶ್ನಾವಳಿಯಲ್ಲಿ ಸಂಖ್ಯೆ ಮಾತ್ರ. ಒಪ್ಪಿಗೆ ಪತ್ರಗಳು ವಿಭಾಗದ ಬೀರುವಿನಲ್ಲಿ ಬೀಗದೊಳಗೆ, ಬೀಗದ ಕೈ ಗೈಡ್ ಬಳಿ. ಪ್ರಶ್ನಾವಳಿಗಳು ಬೇರೆ ಕಡೆ. ಹೆಸರು-ಸಂಖ್ಯೆ ಪಟ್ಟಿಯ ಫೋಟೋ ಮೊಬೈಲಿನಲ್ಲಿ ಇರಲೇಬಾರದು. ಎರಡನೆಯ ಅಳತೆಯಾಗಿ, ಅಂಕಿ ತಾಳೆ ನೋಡಿ, ಸಂಶೋಧನೆಗೆ ಒಪ್ಪಿಗೆ ಕೊಡುವ ನೀತಿ ಸಮಿತಿ ಹೇಳಿದ ಅವಧಿ ಮುಗಿದ ಮೇಲೆ ಆ ಪಟ್ಟಿ ನಾಶ.

ತಾಯಿಯ ಹೆಸರಿನ ಮೊದಲಕ್ಷರ, ಹುಟ್ಟಿದ ದಿನಾಂಕ ಸೇರಿಸಿ ತಾವೇ ಸಂಕೇತ ಕಟ್ಟಿಕೊಳ್ಳಲು ಹೇಳುವ ಪದ್ಧತಿಯೂ ಇದೆ. ಜೋಡಿ ಸಿಗುತ್ತದೆ, ಆದರೆ ತಲುಪಲು ಆಗದು. ನಮ್ಮ ಕಡೆ ಜೋಡಿಯೂ ಕಷ್ಟ: ಶಾಲೆಗೆ ಹಾಕುವಾಗ ಜೂನ್ 1 ಎಂದು ಬರೆಸಿದ ಜನ್ಮದಿನದವರು ಬೇಕಾದಷ್ಟು, ಅವ್ವನ ಹೆಸರು ಮನೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು.

ಮಾಹಿತಿ ಪತ್ರದ ವಾಕ್ಯ ಬದಲಾಗಬೇಕು: "ನಿಮ್ಮ ಉತ್ತರವನ್ನು ವಾರ್ಡನ್‌ಗಾಗಲಿ ಮನೆಯವರಿಗಾಗಲಿ ಕಾಲೇಜಿಗಾಗಲಿ ತೋರಿಸುವುದಿಲ್ಲ. ನಿಮ್ಮ ಜೀವಕ್ಕೆ ಅಪಾಯವಿದೆ ಎಂದು ಕಂಡರೆ ಮಾತ್ರ ನಾವು ನಿಮ್ಮನ್ನು ಭೇಟಿಯಾಗಿ, ನಿಮಗೆ ತಿಳಿಸಿ, ಸಹಾಯಕ್ಕೆ ಬೇಕಾದವರನ್ನು ಕರೆಯುತ್ತೇವೆ." ಈ ಮಿತಿ ತಿಳಿದು ಕೆಲವರು ಒಂಬತ್ತನೆಯದಕ್ಕೆ 0 ಹಾಕಿಬಿಡುತ್ತಾರೆ ಎಂಬ ಆಕ್ಷೇಪ ನಿಜವೇ. ಅಂಕಿಯಲ್ಲಿ ಆಗುವ ಆ ನಷ್ಟವನ್ನು ಒಪ್ಪಿಕೊಳ್ಳಬೇಕು.

ಹಂಚುವಾಗ ವಾರ್ಡನ್ ಹೊರಗೆ. ಊಟದ ಮೊದಲು ಬೇಡ. ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿ. ಬೇಡವೆನ್ನುವವಳು ಖಾಲಿ ಹಾಳೆಯನ್ನೇ ಲಕೋಟೆಯಲ್ಲಿಟ್ಟು ಡಬ್ಬಿಗೆ ಹಾಕಲಿ, ಯಾರು ಬರೆಯಲಿಲ್ಲ ಎಂದು ಪಕ್ಕದವಳಿಗೂ ತಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ವಿದ್ಯಾರ್ಥಿಗಳನ್ನು ಅಧಿಕಾರದ ಕೆಳಗಿರುವವರೆಂದು ದುರ್ಬಲ ಗುಂಪುಗಳಲ್ಲಿ ಎಣಿಸುತ್ತದೆ. ಹುಡುಗಿಯರು ಪಿಯುಸಿಯವರಾಗಿದ್ದು 18 ತುಂಬದಿದ್ದರೆ ಪೋಷಕರ ಒಪ್ಪಿಗೆ, ಜೊತೆಗೆ ಅವರದೇ ಲಿಖಿತ ಸಮ್ಮತಿ ಎರಡೂ ಬೇಕು. ನೀತಿ ಸಮಿತಿ ಇಲ್ಲದ ಕಾಲೇಜಿನವರು ವಿಶ್ವವಿದ್ಯಾಲಯದ ಅಥವಾ ವೈದ್ಯಕೀಯ ಕಾಲೇಜಿನ ಸಮಿತಿಗೆ ಹೋಗಬೇಕು.

ಒಂಬತ್ತನೆಯ ಪ್ರಶ್ನೆಯನ್ನು ಹುಡುಗಿ ಎದ್ದು ಹೋಗುವ ಮೊದಲೇ ನೋಡಬೇಕು. ಒಬ್ಬರಿಗೆ ಇದೊಂದೇ ಕೆಲಸ. 1 ಇದ್ದರೆ ಅದೇ ದಿನ ಮಾತು. 2, 3 ಇದ್ದರೆ ಅಲ್ಲೇ, ತರಬೇತಿ ಇರುವವರಿಂದ. ಆ ಪ್ರಶ್ನೆ ಎರಡು ಬೇರೆ ಯೋಚನೆಗಳನ್ನು ಒಂದೇ ವಾಕ್ಯದಲ್ಲಿ ಕಟ್ಟಿದೆ, ಆದ್ದರಿಂದ ಅಂಕ ನೋಡಿ ಅಪಾಯ ಅಳೆಯಲಾಗದು, ಬಾಯಿಬಿಟ್ಟು ಕೇಳಬೇಕು: "ತಂಗಿ, ಇಲ್ಲಿ ಹಿಂಗ ಬರ್ದೀದಿ. ಸಾಯಬೇಕು ಅಂತ ಅನಿಸ್ತದೇನು? ಹೆಂಗ ಅಂತ ಯೋಚನಿ ಮಾಡೀದೇನು? ಮೊದಲ ಯಾವಾಗರ ಹಂಗ ಮಾಡ್ಕೊಂಡಿದ್ದೇನು?" ಹೀಗೆ ನೇರ ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಯೋಜನೆ ಇದೆ ಎಂದರೆ ಒಂಟಿ ಬಿಡಬಾರದು, ಆಸ್ಪತ್ರೆಗೆ ಜೊತೆಯಲ್ಲೇ ಹೋಗಬೇಕು. ಊರಿಗೆ ಹೋಗುವವಳಾದರೆ, ಅವಳಿಗೆ ಹೇಳಿ, ಹೊಲದ ಔಷಧಿ ಬೀಗದಲ್ಲಿಡಲು ಮನೆಯವರಿಗೆ ತಿಳಿಸಬೇಕು. ಇಷ್ಟಕ್ಕೆ ಜನ ಇಲ್ಲದಿದ್ದರೆ ಒಂಬತ್ತನೆಯದನ್ನು ಕೇಳುವ ಹಕ್ಕೂ ಇಲ್ಲ. ಆಗ ಪಿಎಚ್‌ಕ್ಯು-8 ಬಳಸಿ: ಎಂಟು ಪ್ರಶ್ನೆ, 0ರಿಂದ 24, ಗಡಿ ಅದೇ 10. ಸಹಾಯವಾಣಿಯ ಚೀಟಿ ಆಗಲೂ ಕೊಡಬೇಕು.

ಭಾಷೆಯ ವಿಷಯ ಚಿಕ್ಕದಾಗಿ. ಸಿದ್ಧ ಕನ್ನಡ ಅನುವಾದ ಗ್ರಾಂಥಿಕವಾಗಿರುತ್ತದೆ. ಆಳಂದದ ಕಡೆಯ ಮರಾಠಿ ಮನೆಯವಳು, ಚಿಂಚೋಳಿಯ ತಾಂಡಾದವಳು, ನಗರದ ಉರ್ದು ಮನೆಯವಳು ಅದನ್ನು ಒಂದೇ ರೀತಿ ಓದುವುದಿಲ್ಲ. ಆರೆಂಟು ಮಂದಿಯನ್ನು ಕೂಡಿಸಿ ಪ್ರತಿ ಸಾಲಿಗೂ "ಇದನ್ನ ಓದಿದಾಗ ನಿನಗ ಏನ್ ತಿಳೀತು?" ಎಂದು ಕೇಳಿ ಬರೆದಿಟ್ಟುಕೊಂಡರೆ ಯಾವ ಸಾಲು ಎಡವುತ್ತದೆಂದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಕೈಯಲ್ಲಿರುವ ಅಂಕಿಗಳಿಂದ ಏನು ಬರೆಯಬಹುದು

ಪ್ರಾಜೆಕ್ಟು ಸಲ್ಲಿಸಲೇಬೇಕು. ಎರಡೂ ಸುತ್ತಿನ ಸರಾಸರಿ, ವಿಚಲನೆ, ಹಾಳೆಗಳ ಸಂಖ್ಯೆ ಕೊಡಲಿ. ಸ್ವತಂತ್ರ ಟೆಸ್ಟನ್ನು ಯಾಕೆ ಹಾಕಬೇಕಾಯಿತು, ಅದರ ಮೂಲ ಷರತ್ತು ಇಲ್ಲಿ ಹೇಗೆ ಮುರಿದಿದೆ ಎಂದು ವಿಧಾನದ ಅಧ್ಯಾಯದಲ್ಲೇ ಹೇಳಲಿ, ಕೊನೆಯ ಪುಟದ ಮಿತಿಗಳ ಪಟ್ಟಿಗೆ ತಳ್ಳದಿರಲಿ. ಸಹಸಂಬಂಧ 0.6 ಎಂದು ಊಹಿಸಿ ಪಡೆದ ಟಿ ಮೌಲ್ಯವನ್ನು ಫಲಿತಾಂಶವಾಗಿ ಬರೆಯುವಂತಿಲ್ಲ, ಅದು ಕಲಿಕೆಗೆ ಹಾಕಿದ ಲೆಕ್ಕ. ಪಿಎಚ್‌ಕ್ಯು-9ರಲ್ಲಿ 5 ಅಂಕದ ಬದಲಾವಣೆಯನ್ನು ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯವೆಂದು ಹಿಡಿಯುವುದು ರೂಢಿ ಎಂಬುದನ್ನೂ 1.6ರ ಪಕ್ಕದಲ್ಲೇ ಇಡಲಿ. ತಾಲ್ಲೂಕು, ಪ್ರವರ್ಗದ ಕೋಷ್ಟಕಗಳನ್ನು ಅನುಬಂಧದಿಂದ ತೆಗೆಯಲಿ, ಎಕ್ಸೆಲ್ ಕಡತದಿಂದಲೂ ಅಳಿಸಲಿ.

ಫಲಿತಾಂಶದ ವಾಕ್ಯ ಹೀಗಿದ್ದರೆ ವೈವಾದಲ್ಲಿ ನಿಲ್ಲುತ್ತದೆ: "ನಾಲ್ಕು ವಾರಗಳ ಅಂತರದಲ್ಲಿ ಸರಾಸರಿ ಅಂಕ 7.1ರಿಂದ 5.5ಕ್ಕೆ ಇಳಿದಿದೆ. ನಿಯಂತ್ರಣ ಗುಂಪು ಇಲ್ಲದ್ದರಿಂದಲೂ, ಈ ಅವಧಿಯಲ್ಲಿ ಹವಾಮಾನ ಮತ್ತು ಪರೀಕ್ಷೆಯ ಸ್ಥಿತಿ ಬದಲಾದದ್ದರಿಂದಲೂ, 9 ಮಂದಿ ಎರಡನೆಯ ಸುತ್ತಿಗೆ ಬಾರದ್ದರಿಂದಲೂ, ಈ ಇಳಿಕೆಯನ್ನು ಉಸಿರಾಟದ ಅಭ್ಯಾಸಕ್ಕೆ ಸಲ್ಲಿಸಲಾಗದು."